ಶಿವಪ್ಪನಾಯಕರು ಕಲಿಸಿದ ಮಿತವ್ಯಯ

ಮಾಸ್ತಿಕಟ್ಟೆಗೆ ಸಮೀಪದ ನಗರವೇ ಅಂದಿನ ಬಿದನೂರು. ಅಲ್ಲಿಂದ 1645ರಿಂದ 1660ರವರೆಗೆ ಕೆಳದಿ ರಾಜ್ಯವನ್ನಾಳಿದವರು ವೀರಶೈವ ದೊರೆ ಶಿವಪ್ಪನಾಯಕರು. ಎಲ್ಲ ನೆಲಕ್ಕೂ ಒಂದೇ ಕಂದಾಯ ಹೇರಿದರೆ ಬಡ ಒಕ್ಕಲು ಉಳಿಯದೆಂದು ಅವರು ಬಲ್ಲರು. ಊರೂರಿನ ಬಗೆಬಗೆಯ ಗದ್ದೆಗಳನ್ನು ಅರಮನೆಯ ಖರ್ಚಿನಲ್ಲೇ 12 ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ ಬರೆಸಿದರೆಂದು ಪ್ರತೀತಿ. ನೆಲವನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಪಡಿಸಿದರು. ಇದೇ ಹೆಸರಾಂತ ಶಿವಪ್ಪನಾಯಕನ ಶಿಸ್ತು.

ಸದ್ಭಕ್ತರೇ, ಸಂತೆಯಲ್ಲೂ ಇದೇ ನೀತಿ. ಅಗ್ಗವೆಂದು ತಂದ ಕತ್ತಿ ಕೊಯ್ಲಿನ ನಡುವೆ ಮುರಿದರೆ ಎರಡು ಸಲ ಹಣ ತೆರಬೇಕು. ಗುಣವರಿತು ತಕ್ಕ ಬೆಲೆ ಕೊಟ್ಟರೆ ಕೊಂಡವರ ಕಾಸೂ ಉಳಿಯುತ್ತದೆ, ಮಾಡಿದವರ ಕಾಯಕವೂ ಉಳಿಯುತ್ತದೆ.