ದುಬಾರಿ ನೆಟ್‌ವರ್ಕ್ ಸ್ವಿಚ್ ಹಾಕಿದರೆ ಹಾಡು ಇಂಪಾಗುತ್ತದೆಯೇ? ಕ್ಲಾಡ್ ಶಾನನ್ ಬದುಕು ಹೇಳುವ ಉತ್ತರ

ಇಂಟರ್‌ನೆಟ್ ಮೂಲಕ ಹಾಡು ಕೇಳುವವರ ನಡುವೆ ಒಂದು ಮಾತು ಆಗಾಗ ಓಡಾಡುತ್ತಿರುತ್ತದೆ. ರೂಟರ್‌ಗೂ ಮ್ಯೂಸಿಕ್ ಸ್ಟ್ರೀಮರ್‌ಗೂ ನಡುವೆ ಇರುವ ನೆಟ್‌ವರ್ಕ್ ಸ್ವಿಚ್ ಸಾಮಾನ್ಯದ್ದಾದರೆ ಹಾಡಿನ ಸೊಗಸು ಹಾಳಾಗುತ್ತದೆ, ಆಡಿಯೋಗೆಂದೇ ತಯಾರಾದ ಸ್ವಿಚ್ ಹಾಕಿದರೆ ದನಿ ತಿಳಿಯಾಗುತ್ತದೆ ಎಂಬುದು ಆ ಮಾತು. ಸ್ವಿಚ್ ಎಂದರೆ ಒಂದು ಇಂಟರ್‌ನೆಟ್ ಸಂಪರ್ಕವನ್ನು ಟಿವಿ, ಕಂಪ್ಯೂಟರ್, ಸ್ಟ್ರೀಮರ್‌ಗಳಿಗೆ ಕೇಬಲ್ ಮೂಲಕ ಹಂಚುವ ಪುಟ್ಟ ಪೆಟ್ಟಿಗೆ. ಸಾಮಾನ್ಯವಾದದ್ದು ಒಂದೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಆಡಿಯೋ ಸ್ವಿಚ್ ಎಂಬ ಹೆಸರು ಬಿದ್ದರೆ ಬೆಲೆ ಹತ್ತಾರು ಸಾವಿರಕ್ಕೆ, ಕೆಲವೊಮ್ಮೆ ಲಕ್ಷಕ್ಕೂ ಏರುತ್ತದೆ.

ಅಷ್ಟು ಹಣ ಕೊಡುವ ಮುನ್ನ ಒಬ್ಬ ವ್ಯಕ್ತಿಯ ಬದುಕನ್ನು ತಿಳಿದುಕೊಂಡರೆ ಒಳ್ಳೆಯದು ಎಂದು ನಮಗನ್ನಿಸುತ್ತದೆ. ನಿಮ್ಮ ಫೋನಿನೊಳಗಿನ ಪ್ರತಿ ಹಾಡು, ಫೋಟೋ, ಫಾರ್ವರ್ಡ್ ಕೂಡ ಅವರು ತೋರಿಸಿದ ದಾರಿಯಲ್ಲೇ ಸಾಗುತ್ತಿದೆ. ಅವರ ಹೆಸರು ಕ್ಲಾಡ್ ಶಾನನ್.

ಬೇಲಿ ತಂತಿಯಲ್ಲಿ ಸಂದೇಶ

ಶಾನನ್ ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಪೆಟೋಸ್ಕಿಯಲ್ಲಿ. ಬೆಳೆದದ್ದು ಅದೇ ರಾಜ್ಯದ ಗೇಲಾರ್ಡ್ ಎಂಬ ಚಿಕ್ಕ ಊರಿನಲ್ಲಿ. ತಂದೆ ವ್ಯಾಪಾರ ಮಾಡುತ್ತಿದ್ದರು, ನ್ಯಾಯಾಧೀಶರೂ ಆಗಿದ್ದರು. ತಾಯಿ ಭಾಷಾ ಶಿಕ್ಷಕಿ, ಊರಿನ ಹೈಸ್ಕೂಲಿನ ಮುಖ್ಯಸ್ಥೆ.

ಹುಡುಗನಿಗೆ ಬಿಚ್ಚುವ, ಜೋಡಿಸುವ ಹುಚ್ಚು. ಸುಮಾರು ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಅವನು ಟೆಲಿಗ್ರಾಫ್ ಕಟ್ಟಿದ. ಹೊಸ ತಂತಿ ಕೊಳ್ಳಲಿಲ್ಲ, ಹೊಲದ ಮುಳ್ಳುತಂತಿ ಬೇಲಿಯನ್ನೇ ಬಳಸಿಕೊಂಡ. ಬೇಲಿ ತಂತಿ ಸಂದೇಶ ಸಾಗಿಸಲು ಮಾಡಿದ್ದಲ್ಲ. ಆದರೂ ಸಂದೇಶ ತಲುಪಿತು. ಟೆಲಿಗ್ರಾಫಿನಲ್ಲಿ ಎಣಿಕೆಗೆ ಬರುವುದು ಚುಕ್ಕಿಯೋ ಗೆರೆಯೋ ಎಂಬುದು ಮಾತ್ರ, ತಂತಿ ಎಷ್ಟು ಚೆಂದವಿದೆ ಎಂಬುದಲ್ಲ.

ಸ್ವಿಚ್‌ಗೆ ಗಣಿತ ಕೊಟ್ಟವರು

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1936ರ ಹೊತ್ತಿಗೆ ಶಾನನ್ ಎರಡು ಪದವಿ ಪಡೆದರು. ಒಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಇನ್ನೊಂದು ಗಣಿತ. ಅಲ್ಲಿಂದ ಎಂಐಟಿಗೆ ಹೋಗಿ, ವ್ಯಾನೆವರ್ ಬುಷ್ ಅವರ ದೊಡ್ಡ ಲೆಕ್ಕದ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಆ ಯಂತ್ರವನ್ನು ನಿಯಂತ್ರಿಸುತ್ತಿದ್ದದ್ದು ರಿಲೇಗಳು, ಅಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್‌ಗಳು.

ಎರಡು ಸ್ವಿಚ್‌ಗಳು ಒಂದರ ಹಿಂದೆ ಒಂದಿದ್ದರೆ ಎರಡೂ ಆನ್ ಆದಾಗ ಮಾತ್ರ ದೀಪ ಉರಿಯುತ್ತದೆ. ಅಕ್ಕಪಕ್ಕ ಬೇರೆ ಬೇರೆ ದಾರಿಯಲ್ಲಿದ್ದರೆ ಯಾವುದಾದರೂ ಒಂದು ಆನ್ ಆದರೆ ಸಾಕು. ಇದು 19ನೇ ಶತಮಾನದಲ್ಲಿ ಜಾರ್ಜ್ ಬೂಲ್ ರೂಪಿಸಿದ್ದ ತರ್ಕದ ಗಣಿತವೇ ಎಂದು ಶಾನನ್ 1937ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದರು. ಆಗ ಅವರಿಗೆ 21 ವರ್ಷ. ಆನ್ ಮತ್ತು ಆಫ್‌ಗಳಿಂದಲೇ ಲೆಕ್ಕ ಮಾಡಬಹುದು, ತೀರ್ಮಾನ ತೆಗೆದುಕೊಳ್ಳಬಹುದು ಎಂಬ ಈ ತಿಳಿವಳಿಕೆಯ ಮೇಲೆಯೇ ಇಂದಿನ ಕಂಪ್ಯೂಟರ್, ಮೊಬೈಲ್, ನಮ್ಮ ನೆಟ್‌ವರ್ಕ್ ಸ್ವಿಚ್ ಎಲ್ಲವೂ ನಿಂತಿವೆ.

1948ರ ಪ್ರಬಂಧ

1941ರಲ್ಲಿ ಶಾನನ್ ಬೆಲ್ ಲ್ಯಾಬ್ಸ್ ಸೇರಿದರು. ಎರಡನೇ ಮಹಾಯುದ್ಧದ ಕಾಲ. ನಾಯಕರ ಮಾತುಕತೆ ಶತ್ರುಗಳಿಗೆ ಸಿಗದಂತೆ, ದನಿಯನ್ನು ಅಂಕಿಗಳಾಗಿ ಬದಲಿಸಿ ಕಳಿಸುವ ಗುಪ್ತ ದೂರವಾಣಿ ವ್ಯವಸ್ಥೆಯೊಂದನ್ನು ಅಲ್ಲಿ ರೂಪಿಸಲಾಗುತ್ತಿತ್ತು. ಗೂಢಲಿಪಿಯ ಗಣಿತದ ಮೇಲೆ ಶಾನನ್ ದುಡಿದರು. 1943ರಲ್ಲಿ ಅಲ್ಲಿಗೆ ಬಂದಿದ್ದ ಅಲನ್ ಟ್ಯೂರಿಂಗ್ ಜೊತೆ ಚಹಾ ಕುಡಿಯುತ್ತಾ ಹರಟುವ ಅವಕಾಶವೂ ಸಿಕ್ಕಿತು.

ಆ ಕಾಲದಲ್ಲಿ ದೂರವಾಣಿಯ ದೊಡ್ಡ ತಲೆನೋವು ಗದ್ದಲ. ತಂತಿ ಉದ್ದವಾದಷ್ಟೂ ದನಿ ಕುಗ್ಗುತ್ತದೆ, ಗರಗರ ಸದ್ದು ಸೇರುತ್ತದೆ. ನಡುವೆ ದನಿ ಹೆಚ್ಚಿಸಿದರೆ ಗರಗರವೂ ಹೆಚ್ಚುತ್ತದೆ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಹಾಡು ತುಂಬಿಸಿಕೊಂಡವರಿಗೆ ಇದು ಗೊತ್ತು. ಮೂರನೇ ಕಾಪಿಯ ಹೊತ್ತಿಗೆ ಹಾಡಿಗಿಂತ ಸುಯ್ ಎನ್ನುವ ಸದ್ದೇ ಜಾಸ್ತಿ.

1948ರಲ್ಲಿ ಬೆಲ್ ಲ್ಯಾಬ್ಸ್‌ನ ತಾಂತ್ರಿಕ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಬಂದ ಪ್ರಬಂಧದಲ್ಲಿ ಶಾನನ್ ಈ ಚಿತ್ರವನ್ನೇ ಬದಲಿಸಿದರು. ಮಾಹಿತಿಯನ್ನು ಬಿಟ್ ಎಂಬ ಅಳತೆಯಲ್ಲಿ ಅಳೆಯಬಹುದು ಎಂದರು. ಬಿಟ್ ಎಂಬ ಹೆಸರು ಸೂಚಿಸಿದವರು ಸಹೋದ್ಯೋಗಿ ಜಾನ್ ಟೂಕಿ. ಪ್ರತಿ ದಾರಿಗೂ ಒಂದು ಸಾಮರ್ಥ್ಯದ ಮಿತಿ ಇದೆ. ಆ ಮಿತಿಯೊಳಗೆ ಕಳಿಸಿದರೆ, ಗದ್ದಲ ಇದ್ದರೂ ತಪ್ಪನ್ನು ನಮಗೆ ಬೇಕಾದಷ್ಟು ಕಡಿಮೆ ಮಾಡಬಹುದು ಎಂದು ಗಣಿತದಿಂದ ಸಾಧಿಸಿದರು. ಅದಕ್ಕೆ ಬೇಕಾದದ್ದು ಚಿನ್ನದ ತಂತಿಯಲ್ಲ, ಸಂದೇಶದ ಜೊತೆ ಜಾಣತನದಿಂದ ಸೇರಿಸಿದ ಹೆಚ್ಚುವರಿ ಗುರುತುಗಳು.

ನಾವು ದಿನವೂ ಇದನ್ನು ಬಳಸುತ್ತೇವೆ. ಫೋನಿನಲ್ಲಿ ಹೆಸರು ಕೇಳಿಸದಿದ್ದರೆ ಮೈಸೂರಿನ ಮ, ಬಳ್ಳಾರಿಯ ಬ ಎಂದು ಬಿಡಿಸಿ ಹೇಳುತ್ತೇವೆ. ಆಧಾರ್ ಸಂಖ್ಯೆಯ ಕೊನೆಯ ಅಂಕಿ ಉಳಿದ 11 ಅಂಕಿಗಳಲ್ಲಿ ತಪ್ಪಿದೆಯೇ ಎಂದು ಪತ್ತೆ ಹಚ್ಚಲೆಂದೇ ಇದೆ. ಅಂಗಡಿಯ ಕ್ಯೂಆರ್ ಕೋಡ್ ಸ್ವಲ್ಪ ಹಾಳಾಗಿದ್ದರೂ ಸ್ಕ್ಯಾನ್ ಆಗಿ ಹಣ ಸರಿಯಾದ ಖಾತೆಗೇ ಹೋಗುವುದು ಇಂಥ ಗುರುತುಗಳಿಂದಲೇ.

ಹಾಡು ಸ್ವಿಚ್ ದಾಟುವಾಗ ಏನಾಗುತ್ತದೆ?

1949ರಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ ಶಾನನ್ ದನಿಯಂಥ ಅಲೆಯನ್ನು ಅಂಕಿಗಳಾಗಿಸುವ ನಿಯಮವನ್ನು ಸಾಧಿಸಿ ತೋರಿಸಿದರು. ಹ್ಯಾರಿ ನೈಕ್ವಿಸ್ಟ್ ಮೊದಲಾದವರು ಅದಕ್ಕೆ ಮುಂಚೆಯೇ ಆ ದಾರಿಯಲ್ಲಿ ನಡೆದಿದ್ದರು. ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳತೆ ತೆಗೆದರೆ ಆ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ಅದಕ್ಕೇ ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆಗಳು.

ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎರಡು ಚಾನೆಲ್ ಎಂದರೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್, ಅಂದರೆ 1.4 ಎಂಬಿಪಿಎಸ್. 24 ಬಿಟ್, 192 ಕಿಲೋಹರ್ಟ್ಜ್‌ನ ಹೈ ರೆಸಲ್ಯೂಷನ್ ಹಾಡಿಗೂ 9.2 ಎಂಬಿಪಿಎಸ್ ಸಾಕು. ಸಾಮಾನ್ಯ ಗಿಗಾಬಿಟ್ ಸ್ವಿಚ್‌ನ ಒಂದು ಪೋರ್ಟ್ 1000 ಎಂಬಿಪಿಎಸ್ ಸಾಗಿಸುತ್ತದೆ. ಸಾಮರ್ಥ್ಯದ ಮಿತಿಯ ಹತ್ತಿರಕ್ಕೂ ನಾವು ಹೋಗುವುದಿಲ್ಲ.

ಇಷ್ಟೂ ಬಿಟ್‌ಗಳು ಪುಟ್ಟ ಪ್ಯಾಕೆಟ್‌ಗಳಾಗಿ ಬರುತ್ತವೆ. ಪ್ರತಿ ಪ್ಯಾಕೆಟ್ ಬಾಲದಲ್ಲಿ 32 ಬಿಟ್‌ಗಳ ಪರೀಕ್ಷಾ ಗುರುತು ಇರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಆ ಪ್ಯಾಕೆಟ್ ಕಸಕ್ಕೆ; ಸ್ಟ್ರೀಮಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಅದನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ. ನಿಮ್ಮ ಸ್ವಿಚ್ ಅಗ್ಗದ್ದೆಂಬ ಕಾರಣಕ್ಕೆ ಪಿಡಿಎಫ್‌ನಲ್ಲಿರುವ ಬ್ಯಾಂಕ್ ಖಾತೆ ಸಂಖ್ಯೆ ಮಸುಕಾಗುವುದಿಲ್ಲ. ಹಾಡಿನ ಅಂಕಿಗಳೂ ಹಾಗೆಯೇ. ತೊಂದರೆ ಬಂದರೆ ಹಾಡು ತಡವರಿಸುತ್ತದೆ, ನಿಂತುಹೋಗುತ್ತದೆ. ಪೂರ್ತಿ ನುಡಿಯುತ್ತಲೇ ಸೊಗಸು ಮಾತ್ರ ಕಳೆದುಕೊಳ್ಳುವುದಿಲ್ಲ.

ಪ್ಯಾಕೆಟ್‌ಗಳು ಹಿಂದೆ ಮುಂದೆ ಬಂದರೆ ತಾಳ ತಪ್ಪುವುದಿಲ್ಲವೇ? ಇಲ್ಲ. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬಂದರೂ ಮಹಡಿ ಮೇಲಿನ ಟ್ಯಾಂಕಿನಿಂದ ನೀರು ಬೇಕೆಂದಾಗ ಬರುತ್ತದಲ್ಲ, ಸ್ಟ್ರೀಮರ್‌ನೊಳಗಿನ ಬಫರ್ ಅಂಥ ಟ್ಯಾಂಕ್. ಅಲ್ಲಿಂದ ಬಿಟ್‌ಗಳನ್ನು ತೆಗೆದು ದನಿಯಾಗಿಸುವಾಗ ತಾಳ ಹಿಡಿಯುವುದು ದನಿಯ ಸಾಧನದ ಗಡಿಯಾರ, ಸ್ವಿಚ್‌ನದಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಹಾಡು ನುಡಿಯುತ್ತಿರುವಾಗ ಸ್ಟ್ರೀಮರ್‌ನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಹೆಚ್ಚಿನ ಸಾಧನಗಳಲ್ಲಿ ಹಾಡು ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ಆ ಹೊತ್ತಿನಲ್ಲಿ ಸ್ವಿಚ್ ದಾರಿಯಲ್ಲೇ ಇಲ್ಲ. ದನಿ ಬದಲಾಯಿತೇ ಎಂದು ನಿಮ್ಮ ಕಿವಿಯೇ ಹೇಳಲಿ.

ದಾರಿ ನೆನಪಿಟ್ಟ ಇಲಿ

ಶಾನನ್ ಗಂಭೀರ ಗಣಿತಜ್ಞರಂತೆ ಕಾಣುತ್ತಿರಲಿಲ್ಲ. ಬೆಲ್ ಲ್ಯಾಬ್ಸ್‌ನ ಪಡಸಾಲೆಯಲ್ಲಿ ಒಂದೇ ಚಕ್ರದ ಸೈಕಲ್ ಓಡಿಸುತ್ತಿದ್ದರು, ಚೆಂಡುಗಳನ್ನು ಎಸೆದು ಹಿಡಿಯುವ ಆಟ ಆಡುತ್ತಿದ್ದರು, ಕ್ಲಾರಿನೆಟ್ ನುಡಿಸುತ್ತಿದ್ದರು, ಜಾಝ್ ಕೇಳುತ್ತಿದ್ದರು. 1949ರಲ್ಲಿ ಅಲ್ಲೇ ಕೆಲಸ ಮಾಡುತ್ತಿದ್ದ ಗಣಿತಜ್ಞೆ ಬೆಟ್ಟಿ ಅವರನ್ನು ಮದುವೆಯಾದರು.

1950ರಲ್ಲಿ ಅವರು ಥೀಸಿಯಸ್ ಎಂಬ ಯಂತ್ರದ ಇಲಿ ಮಾಡಿದರು. 25 ಚೌಕಗಳ ಚಕ್ರವ್ಯೂಹದಲ್ಲಿ ಅದು ತಡಕಾಡಿ ಗುರಿ ಮುಟ್ಟುತ್ತಿತ್ತು, ಮತ್ತೆ ಬಿಟ್ಟರೆ ನೇರವಾಗಿ ಹೋಗುತ್ತಿತ್ತು. ನೆನಪು ಇದ್ದದ್ದು ಇಲಿಯಲ್ಲಲ್ಲ, ನೆಲದಡಿಯ ರಿಲೇಗಳಲ್ಲಿ. ಮನೆಯ ಸ್ವಿಚ್ ಮಾಡುವುದೂ ಇಂಥದ್ದೇ ಕೆಲಸ. ಯಾವ ಸಾಧನ ಯಾವ ಪೋರ್ಟ್‌ನಲ್ಲಿದೆ ಎಂದು ಕಲಿತು ನೆನಪಿಟ್ಟು ಪ್ಯಾಕೆಟ್ ಅಲ್ಲಿಗೆ ದಾಟಿಸುತ್ತದೆ. ಒಳಗೆ ಹಾಡಿದೆಯೋ ಮದುವೆ ಆಮಂತ್ರಣವಿದೆಯೋ ಅದಕ್ಕೆ ಗೊತ್ತಿಲ್ಲ.

ಹೆಸರಿನ ಮೋಡಿಯ ಬಗ್ಗೆ ಎಚ್ಚರಿಕೆ

1948ರ ನಂತರ ಶಾನನ್ ಪ್ರಸಿದ್ಧರಾದರು. ಮನೋವಿಜ್ಞಾನ, ಅರ್ಥಶಾಸ್ತ್ರ ಎಂದು ಕಂಡಕಂಡಲ್ಲಿ ಜನ ಅವರ ಸಿದ್ಧಾಂತದ ಪದಗಳನ್ನು ಅಂಟಿಸತೊಡಗಿದರು. ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರೇನೋ. ಶಾನನ್ 1956ರಲ್ಲಿ ಒಂದು ಚಿಕ್ಕ ಲೇಖನ ಬರೆದು, ಕೆಲವು ಆಕರ್ಷಕ ಪದಗಳಿಂದ ಎಲ್ಲ ಸಮಸ್ಯೆಯೂ ಬಗೆಹರಿಯುವುದಿಲ್ಲ, ಊಹೆಗಳನ್ನು ಪ್ರಯೋಗದಿಂದ ಒರೆಗೆ ಹಚ್ಚಲೇಬೇಕು ಎಂದು ತಮ್ಮದೇ ಅಭಿಮಾನಿಗಳನ್ನು ಎಚ್ಚರಿಸಿದರು. ಜಾಹೀರಾತಿನಲ್ಲಿ ಕ್ಲಾಕ್, ಜಿಟ್ಟರ್, ನಾಯ್ಸ್ ಎಂಬ ಪದಗಳು ಸಾಲುಗಟ್ಟಿ ಬಂದಾಗ ಈ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ.

ಅದೇ ವರ್ಷ ಎಂಐಟಿಗೆ ಮರಳಿದ ಅವರು 1978ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು. 1985ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ ಬಂತು. ಕೊನೆಯ ವರ್ಷಗಳಲ್ಲಿ ಅಲ್ಝೈಮರ್ ಕಾಯಿಲೆ ಅವರ ನೆನಪನ್ನು ಕಿತ್ತುಕೊಂಡಿತು. ಜಗತ್ತು ಇಂಟರ್‌ನೆಟ್‌ನಲ್ಲಿ ಹಾಡು ಕೇಳಲು ಕಲಿಯುತ್ತಿದ್ದಾಗ, ಅದಕ್ಕೆ ದಾರಿ ಹಾಕಿದವರಿಗೆ ಅದು ತಿಳಿಯುವ ಸ್ಥಿತಿ ಇರಲಿಲ್ಲ. 2001ರ ಫೆಬ್ರವರಿ 24ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹಾಗಾದರೆ ಯಾವ ಸ್ವಿಚ್ ಕೊಳ್ಳಬೇಕು?

• ಫ್ಯಾನ್ ಇಲ್ಲದ, 5 ಅಥವಾ 8 ಪೋರ್ಟ್‌ನ ಸಾಮಾನ್ಯ ಗಿಗಾಬಿಟ್ ಸ್ವಿಚ್ ಸಾಕು. ಫ್ಯಾನ್ ಇದ್ದರೆ ಅದರ ಸದ್ದು ನಿಜವಾಗಿಯೂ ಕೇಳಿಸುತ್ತದೆ!

• ಸೆಟ್ಟಿಂಗ್ ಬೇಡದ, ಅನ್‌ಮ್ಯಾನೇಜ್ಡ್ ಮಾದರಿ ಕೊಳ್ಳಿ. ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಸೆಟ್ಟಿಂಗ್ ತಪ್ಪಿದರೆ ಫೋನಿಗೆ ಸ್ಪೀಕರ್ ಕಾಣಿಸದೇ ಹೋಗಬಹುದು.

• ಹಾಡು ನಡುವೆ ನಿಲ್ಲುತ್ತಿದ್ದರೆ ಮೊದಲು ವೈಫೈ ನೋಡಿ. ಸ್ಟ್ರೀಮರ್‌ಗೆ ಕೇಬಲ್ ಹಾಕಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

• ಸ್ಪೀಕರ್‌ನಲ್ಲಿ ಗುಂಯ್ ಎಂಬ ಸದ್ದು ಬಂದರೆ ಅದು ನಿಜವಾದ ದೋಷ. ಮನೆಯ ಅರ್ಥಿಂಗ್ ಪರೀಕ್ಷಿಸಿ. ಲೋಹದ ಹೊದಿಕೆಯ ನೆಟ್‌ವರ್ಕ್ ಕೇಬಲ್ ಇದ್ದರೆ ಸಾಮಾನ್ಯ ಯುಟಿಪಿ ಕೇಬಲ್ ಹಾಕಿ ನೋಡಿ. ನೆಟ್‌ವರ್ಕ್ ಪೋರ್ಟ್‌ನೊಳಗೆ ವಿದ್ಯುತ್ತನ್ನು ಬೇರ್ಪಡಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಮೊದಲೇ ಇರುತ್ತದೆ.

• ಉಳಿದ ಹಣವನ್ನು ಒಳ್ಳೆಯ ಸ್ಪೀಕರ್‌ಗೆ, ಕೋಣೆಯ ದಪ್ಪ ಪರದೆಗೆ, ಜಮಖಾನೆಗೆ ಹಾಕಿ. ಆ ಬದಲಾವಣೆ ಕಿವಿಗೆ ತಿಳಿಯುತ್ತದೆ.

ಯಾರಾದರೂ ದುಬಾರಿ ಸ್ವಿಚ್‌ನಿಂದ ದನಿ ಬದಲಾಯಿತು ಎಂದರೆ ಜಗಳ ಬೇಡ. ಯಾವ ಸ್ವಿಚ್ ಹಾಕಿದೆ ಎಂದು ಅವರಿಗೆ ತಿಳಿಸದೆ ಹತ್ತು ಸಲ ಬದಲಿಸಿ ಕೇಳಿಸಿ, ಎಷ್ಟು ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಬರೆದಿಡಿ. ಊಹೆಯನ್ನು ಒರೆಗೆ ಹಚ್ಚುವ ಕೆಲಸ ಅಷ್ಟು ಸುಲಭ. ಹೊಸ ಸ್ವಿಚ್ ಕೊಳ್ಳಲು ಹೊರಟಿರುವ ಗೆಳೆಯರಿದ್ದರೆ ಅವರಿಗೂ ಇದನ್ನು ಕಳಿಸಿ. ದಾರಿಯಲ್ಲಿ ಎಷ್ಟೇ ಅಗ್ಗದ ಸ್ವಿಚ್ ಸಿಕ್ಕರೂ ಒಂದಕ್ಷರವೂ ಬದಲಾಗದೆ ತಲುಪುತ್ತದೆ.