ದೊಡ್ಡ ವೀರರಾಜೇಂದ್ರ

ದೊಡ್ಡ ವೀರರಾಜೇಂದ್ರ (ಮರಣ: ಜೂನ್ 1809) ಕೊಡಗನ್ನು ಆಳಿದ ಹಾಲೇರಿ ಮನೆತನದ ಅರಸ. ಟಿಪ್ಪು ಸುಲ್ತಾನನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು, ಕೈಬಿಟ್ಟುಹೋಗಿದ್ದ ರಾಜ್ಯವನ್ನು ಒಂದೊಂದೇ ಕೋಟೆಯಾಗಿ ಮರಳಿ ಗೆದ್ದವನು. ಮಾಸ್ತಿಯವರ ಕಾದಂಬರಿಯಿಂದ ಪ್ರಸಿದ್ಧನಾದ ಚಿಕವೀರರಾಜೇಂದ್ರ ಇವನ ತಮ್ಮನ ಮಗ. ವಿದ್ಯಾರ್ಥಿಗಳು ಹೆಸರಿನ ಸಾಮ್ಯದಿಂದ ಇವರಿಬ್ಬರನ್ನು ಒಬ್ಬನೇ ಎಂದು ಭಾವಿಸುವುದುಂಟು. ದೊಡ್ಡಪ್ಪ ರಾಜ್ಯವನ್ನು ಮರಳಿ ಪಡೆದವನು, ಮಗ ಅದನ್ನು ಕಳೆದುಕೊಂಡವನು ಎಂಬಷ್ಟು ನೆನಪಿಟ್ಟರೆ ಗೊಂದಲವಾಗದು.

ಸೆರೆವಾಸ

ಹಾಲೇರಿ ಅರಸರು ಲಿಂಗಾಯತರು. ಪ್ರಜೆಗಳಲ್ಲಿ ಕೊಡವರು ಪ್ರಮುಖರು. ವೀರರಾಜೇಂದ್ರನ ತಂದೆ ಮೊದಲನೆಯ ಲಿಂಗರಾಜ 1780ರಲ್ಲಿ ತೀರಿಕೊಂಡಾಗ ಮಕ್ಕಳು ಇನ್ನೂ ಎಳೆಯರು. ಅವರು ಪ್ರಾಪ್ತ ವಯಸ್ಕರಾಗುವವರೆಗೆ ತಾನೇ ಪಾಲಕನೆಂದು ಸಾರಿದ ಹೈದರ್ ಅಲಿ ಕೊಡಗಿನ ಆಡಳಿತವನ್ನು ವಹಿಸಿಕೊಂಡು, ರಾಜಕುಮಾರರನ್ನು ಹಾಸನ ಸೀಮೆಯ ಗೊರೂರಿನಲ್ಲಿ ಇರಿಸಿದನು. ಪಾಲನೆಯ ಹೆಸರಿನ ಈ ಸೆರೆಯನ್ನು ಕೊಡಗಿನ ಜನ ಒಪ್ಪಲಿಲ್ಲ. 1782ರಲ್ಲಿ ಅವರು ದಂಗೆಯೆದ್ದರು. ಆ ವರ್ಷದ ಡಿಸೆಂಬರಿನಲ್ಲಿ ಹೈದರ್ ಮೃತನಾದನು. ಟಿಪ್ಪು ರಾಜಕುಟುಂಬವನ್ನು ಪಿರಿಯಾಪಟ್ಟಣದ ಕೋಟೆಗೆ ಸಾಗಿಸಿದನು.

ಮಂಗಳೂರು ಒಪ್ಪಂದದ (1784) ಅನಂತರ ಟಿಪ್ಪು ಕೊಡಗಿನತ್ತ ತಿರುಗಿದನು. 1785ರಲ್ಲಿ ಬಹುಸಂಖ್ಯೆಯ ಕೊಡವರನ್ನು ಕುಟುಂಬಸಮೇತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಹೀಗೆ ಒಯ್ಯಲ್ಪಟ್ಟವರ ಸಂಖ್ಯೆಯ ವಿಷಯದಲ್ಲಿ ಗ್ರಂಥಗಳು ಪರಸ್ಪರ ಬಹಳ ಭಿನ್ನವಾಗಿವೆ. ಮಡಿಕೇರಿಗೆ ಜಾಫರಾಬಾದ್ ಎಂದು ಹೆಸರಿಡಲಾಯಿತು. ಮಡಿಕೇರಿ, ಕುಶಾಲನಗರ, ಭಾಗಮಂಡಲ ಮತ್ತು ಬೇಪುನಾಡಿನಲ್ಲಿ ಮೈಸೂರಿನ ಪಡೆಗಳು ನೆಲೆಯೂರಿದವು.

ಮರಳಿ ಗೆದ್ದ ಕೋಟೆಗಳು

1788ರ ಡಿಸೆಂಬರಿನಲ್ಲಿ ವೀರರಾಜೇಂದ್ರನು ಪತ್ನಿಯೊಡನೆ, ತಮ್ಮಂದಿರಾದ ಲಿಂಗರಾಜ ಮತ್ತು ಅಪ್ಪಾಜಿಯರೊಡನೆ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕೊಡಗನ್ನು ಸೇರಿದನು. ಆಗ ಅವನಲ್ಲಿ ಬೊಕ್ಕಸವಿರಲಿಲ್ಲ, ಫಿರಂಗಿಗಳಿರಲಿಲ್ಲ. ಇದ್ದದ್ದು ಕಾಡನ್ನು ಬಲ್ಲ ಜನ. ಹೊರಗಿನಿಂದ ಬರುವ ಸೈನ್ಯಕ್ಕೆ ಕೊಡಗಿನ ಕಣಿವೆ, ಕಡಂಗ ಮತ್ತು ಮಳೆಗಾಲ ಮೂರೂ ಶತ್ರುಗಳೇ. (ಕಡಂಗವೆಂದರೆ ರಕ್ಷಣೆಗಾಗಿ ತೋಡಿದ ಆಳವಾದ ಕಂದಕ. ಇವುಗಳ ಕುರುಹುಗಳು ಕೊಡಗಿನಲ್ಲಿ ಇಂದಿಗೂ ಕಾಣಸಿಗುತ್ತವೆ.) ಕಾಡುದಾರಿಯಲ್ಲಿ ಬರುವ ಪಡೆಯನ್ನು ಇಕ್ಕೆಲಗಳಿಂದ ಮುತ್ತುವುದು, ಕೋಟೆಗೆ ಹೋಗುವ ಧಾನ್ಯವನ್ನು ತಡೆಯುವುದು, ಘಟ್ಟದ ಬಾಯಿಗಳನ್ನು ಹಿಡಿದು ಕೂರುವುದು ಅವನ ಯುದ್ಧಕ್ರಮವಾಗಿತ್ತು. ಬೇಪುನಾಡು ಮತ್ತು ಕುಶಾಲನಗರದ ಕೋಟೆಗಳು ಕೈಸೇರಿದವು. 1790ರಲ್ಲಿ ಭಾಗಮಂಡಲವೂ ವಶವಾಯಿತು. ಸುಲ್ತಾನನ ವಶದಲ್ಲಿ ಮಡಿಕೇರಿಯೊಂದೇ ಉಳಿಯಿತು.

ಮಡಿಕೇರಿಯ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆಹಾರವಿಲ್ಲದೆ ಕಂಗೆಟ್ಟಿದ್ದ ಆ ಕೋಟೆಯ ನೆರವಿಗೆ ಟಿಪ್ಪು ಖಾದರ್ ಖಾನ್ ಎಂಬ ಸರದಾರನ ಕೈಕೆಳಗೆ ಪಡೆಯನ್ನೂ ಸಾಮಗ್ರಿಯನ್ನೂ ಕಳುಹಿಸಿದನು. ವೀರರಾಜೇಂದ್ರನು ಆ ಪಡೆಯನ್ನು ದಾರಿಯಲ್ಲೇ ಸುತ್ತುವರಿದನು. ಆದರೆ ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ರಾಜನ ಮನೆಯ ಹೆಣ್ಣುಮಕ್ಕಳ ಮಾನವನ್ನು ಕಾಪಾಡಿದವನು ಇದೇ ಖಾದರ್ ಖಾನ್. ಅಂಥವನನ್ನು ಕೊಲ್ಲಲು ರಾಜನ ಮನಸ್ಸು ಒಪ್ಪಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದರೆ ಸುಲ್ತಾನನು ಅವನನ್ನು ಉಳಿಸುವಂತಿರಲಿಲ್ಲ. ಆದ್ದರಿಂದ ಪಡೆಯನ್ನು ಸಾಮಗ್ರಿಸಮೇತ ಕೋಟೆಯೊಳಕ್ಕೆ ಹೋಗಗೊಟ್ಟನು. ಸಾಮಗ್ರಿ ಮುಗಿದ ಮೇಲೆ ಕೋಟೆ ಶರಣಾಯಿತು. ಒಳಗಿದ್ದವರನ್ನು ಜೀವಸಹಿತ ಹೋಗಲು ಬಿಟ್ಟನು. ಆ ಹೊತ್ತಿಗೆ ರಾಜನೊಡನೆ ಕೈಜೋಡಿಸಿದ್ದ ಇಂಗ್ಲಿಷರಿಗೆ ಈ ನಡೆ ವಿಚಿತ್ರವಾಗಿ ತೋರಿತು. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಈ ಘಟನೆಯನ್ನು ಮೆಚ್ಚುಗೆಯಿಂದಲೇ ದಾಖಲಿಸಿದ್ದಾನೆ. ಯುದ್ಧನೀತಿಯ ದೃಷ್ಟಿಯಿಂದ ಇದು ನಷ್ಟದ ನಡೆಯೇ ಸರಿ. ಆದರೂ ಕೋಟೆ ಕೊನೆಗೆ ರಾಜನ ಕೈಸೇರಿತು.

ಕಂಪನಿಯೊಡನೆ ಮೈತ್ರಿ

ಟಿಪ್ಪು ತಿರುವಾಂಕೂರಿನ ಮೇಲೆ ದಂಡೆತ್ತಿಹೋದುದರಿಂದ ಮೂರನೆಯ ಮೈಸೂರು ಯುದ್ಧ ಆರಂಭವಾಗಿತ್ತು. 1790ರ ಅಕ್ಟೋಬರಿನಲ್ಲಿ ವೀರರಾಜೇಂದ್ರನು ತಲಚೇರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯಾಧಿಕಾರಿ ರಾಬರ್ಟ್ ಟೇಲರ್‌ನೊಡನೆ ಒಪ್ಪಂದ ಮಾಡಿಕೊಂಡನು. ಟಿಪ್ಪು ಇಬ್ಬರಿಗೂ ಶತ್ರು. ಕಂಪನಿಯ ಸೈನ್ಯಕ್ಕೆ ರಾಜನು ಆಹಾರಸಾಮಗ್ರಿ ಒದಗಿಸಬೇಕು. ಶಾಂತಿಸಂಧಾನದ ಕಾಲದಲ್ಲಿ ಕೊಡಗು ಸುಲ್ತಾನನಿಂದ ಸ್ವತಂತ್ರವಾಗಿರುವಂತೆ ಕಂಪನಿ ನೋಡಿಕೊಳ್ಳಬೇಕು. ಇವು ಅದರ ಮುಖ್ಯಾಂಶಗಳು.

1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಮಲಬಾರಿನಿಂದ ಹೆಗ್ಗಳದ ಘಟ್ಟದಾರಿಯಲ್ಲಿ ಕೊಡಗನ್ನು ಪ್ರವೇಶಿಸಿ ಪಿರಿಯಾಪಟ್ಟಣವನ್ನು ತಲುಪಿತು. ಆದರೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದೂ, ದನಕರು ಮತ್ತು ಆಹಾರವಿಲ್ಲದೆ, ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಅಬರ್‌ಕ್ರಾಂಬಿಯೂ ಘಟ್ಟವಿಳಿದನು. ಮರುವರ್ಷ ಫೆಬ್ರವರಿಯಲ್ಲಿ ಎರಡೂ ಸೈನ್ಯಗಳು ಶ್ರೀರಂಗಪಟ್ಟಣದ ಮುಂದೆ ಒಂದಾದವು. ಆ ಮುತ್ತಿಗೆಯ ಗದ್ದಲದಲ್ಲಿ ಸೆರೆಯಲ್ಲಿದ್ದ ಕೊಡವರು ಸಾವಿರಾರು ಸಂಖ್ಯೆಯಲ್ಲಿ ತಪ್ಪಿಸಿಕೊಂಡು, ಏಳು ವರ್ಷಗಳ ಮೇಲೆ ತಮ್ಮ ನಾಡಿಗೆ ನಡೆದುಬಂದರು.

ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಓದಿದವರಿಗೆ ಕಾರ್ನ್‌ವಾಲಿಸನ ಹೆಸರು ಹೊಸದಲ್ಲ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಮತ್ತು ಫ್ರೆಂಚರ ಸೈನ್ಯಕ್ಕೆ ಶರಣಾದ ಸೇನಾಪತಿ ಇವನೇ. ಅಲ್ಲಿ ಒಂದು ಜನಾಂಗದ ಸ್ವಾತಂತ್ರ್ಯವನ್ನು ಅಡಗಿಸಲು ಹೋಗಿ ಸೋತವನು, ಹನ್ನೊಂದು ವರ್ಷಗಳೊಳಗೆ ಇಲ್ಲಿ ಪುಟ್ಟ ಕೊಡಗಿನ ಪರವಾಗಿ ಪಟ್ಟುಹಿಡಿದನು. ಸಂಧಾನದ ಪಟ್ಟಿಯಲ್ಲಿ ಕೊಡಗಿನ ಹೆಸರನ್ನು ಕಂಡು ಟಿಪ್ಪು ಕೆರಳಿದನು. ಕೊಡಗು ಕಂಪನಿಯ ಯಾವ ಸೀಮೆಗೆ ಹೊಂದಿಕೊಂಡಿದೆ ಎಂಬುದು ಅವನ ಪ್ರಶ್ನೆ. ಆ ಆಕ್ಷೇಪದಲ್ಲಿ ಹುರುಳಿತ್ತು, ಏಕೆಂದರೆ ಕೊಡಗು ಅವನ ರಾಜಧಾನಿಯ ಬಾಗಿಲಲ್ಲೇ ಇತ್ತು. ಕಾರ್ನ್‌ವಾಲಿಸ್ ಜಗ್ಗದೆ ಮುತ್ತಿಗೆಯನ್ನು ಮತ್ತೆ ಆರಂಭಿಸಲು ಸಿದ್ಧನಾದಾಗ ಟಿಪ್ಪು ಮಣಿದನು. 1792ರ ಮಾರ್ಚ್ 18ರಂದು ಒಪ್ಪಂದ ಪೂರ್ಣಗೊಂಡಿತು. ಕೊಡಗು ಮೈಸೂರಿನಿಂದ ಬಿಡುಗಡೆ ಪಡೆಯಿತು. ಆದರೆ ಮರುವರ್ಷದ ಕರಾರಿನಂತೆ ರಾಜನು ಕಂಪನಿಗೆ ವರ್ಷಕ್ಕೆ 24,000 ರೂಪಾಯಿ ಕಪ್ಪ ಸಲ್ಲಿಸಬೇಕಾಯಿತು. ಕೊಡಗಿನ ಮುಂದಿನ ಇತಿಹಾಸಕ್ಕೆ ಈ ಒಂದು ಕಲಮು ಯುದ್ಧಗಳಷ್ಟೇ ಮುಖ್ಯವಾದುದು.

ಅಬರ್‌ಕ್ರಾಂಬಿಯ ಭೇಟಿಯ ನೆನಪಿಗಾಗಿ ರಾಜನು 1792ರಲ್ಲಿ ವೀರರಾಜೇಂದ್ರಪೇಟೆಯನ್ನು, ಅಂದರೆ ಇಂದಿನ ವಿರಾಜಪೇಟೆಯನ್ನು ಕಟ್ಟಿಸಿದನು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೂ ಅಲ್ಲಿ ನೆಲೆ ಕೊಟ್ಟನು. ಕಕ್ಕಬೆಯ ಬಳಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಯೂ ಈ ವರ್ಷಗಳದೇ.

ಸಿದ್ದೇಶ್ವರದ ಕಾಳಗ

ನಾಲ್ಕನೆಯ ಮೈಸೂರು ಯುದ್ಧದಲ್ಲಿ ಜನರಲ್ ಸ್ಟೂವರ್ಟನ ಸೈನ್ಯ ಮತ್ತೆ ಕೊಡಗಿನ ದಾರಿಯಲ್ಲೇ ಬಂದಿತು. ಅದರ ಮುಂಚೂಣಿಯ ದಳ ಕರ್ನಲ್ ಮಾಂಟ್ರೆಸರನ ನೇತೃತ್ವದಲ್ಲಿ ಪಿರಿಯಾಪಟ್ಟಣದ ಎದುರಿನ ಗಡಿಗುಡ್ಡವಾದ ಸಿದ್ದೇಶ್ವರದಲ್ಲಿ ಬೀಡುಬಿಟ್ಟಿತ್ತು. 1799ರ ಮಾರ್ಚ್ 5ರಂದು ಗುಡ್ಡದ ಮೇಲಿನಿಂದ ನೋಡಿದವರಿಗೆ ಪಿರಿಯಾಪಟ್ಟಣದ ಬಳಿ ಡೇರೆಗಳ ಸಾಲು ಕಂಡಿತು; ಅದರ ನಡುವೆ ಹಸಿರು ಬಣ್ಣದ ದೊಡ್ಡ ಡೇರೆ. ಸುಲ್ತಾನನೇ ಬಂದಿರಬೇಕೆಂಬ ಶಂಕೆ ಹುಟ್ಟಿತು. ಮರುದಿನ ಬೆಳಗ್ಗೆ ಟಿಪ್ಪುವಿನ ಪಡೆಗಳು ಕಾಡಿನೊಳಗಿಂದ ಬಂದು ಮಾಂಟ್ರೆಸರನ ಮೂರು ಸಿಪಾಯಿ ದಳಗಳನ್ನು ಹಿಂದೆ ಮುಂದೆ ಎರಡೂ ಕಡೆಯಿಂದ ಮುತ್ತಿದವು. ಆ ದಳಗಳು ಮಧ್ಯಾಹ್ನದವರೆಗೂ ಸ್ಥಳ ಬಿಡದೆ ಹೋರಾಡಿದವು. ಹಿಂದಿದ್ದ ಸ್ಟೂವರ್ಟ್ ನೆರವಿನೊಡನೆ ಧಾವಿಸಿದನು, ವೀರರಾಜೇಂದ್ರನೂ ಜೊತೆಯಲ್ಲಿದ್ದನು. ಟಿಪ್ಪು ಭಾರಿ ನಷ್ಟದೊಂದಿಗೆ ಹಿಮ್ಮೆಟ್ಟಿದನು. ಎರಡು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು.

ವಿಜಯದ ಅನಂತರ ಹಣದ ಕಪ್ಪ ರದ್ದಾಗಿ ಅದರ ಬದಲು ವರ್ಷಕ್ಕೊಂದು ಆನೆ ಸಾಕೆಂದು ನಿಶ್ಚಯವಾಯಿತು. ಮುಂದೆ ಪಂಜ ಮತ್ತು ಬೆಳ್ಳಾರೆ ಮಾಗಣೆಗಳೂ ಕೊಡಗಿಗೆ ಸೇರಿದವು.

ಕೊನೆಯ ವರ್ಷಗಳು

ಯುದ್ಧಕಾಲದ ಉದಾರಿ ಶಾಂತಿಕಾಲದಲ್ಲಿ ಸಂಶಯಗ್ರಸ್ತನಾದನು. 1807ರಲ್ಲಿ ಪ್ರಿಯಪತ್ನಿ ಮಹದೇವಮ್ಮಾಜಿ ತೀರಿಕೊಂಡ ಮೇಲೆ ಅವನ ಮನಸ್ಸು ಕದಡಿತು. ಸಿಟ್ಟಿನ ಭರದಲ್ಲಿ ಮರಣದಂಡನೆ ವಿಧಿಸಿ, ಬಳಿಕ ಪಶ್ಚಾತ್ತಾಪಪಡುತ್ತಿದ್ದನೆಂದು ದಾಖಲೆಗಳು ಹೇಳುತ್ತವೆ. ಖಾದರ್ ಖಾನನನ್ನು ಉಳಿಸಿದ ರಾಜನ ಬಗ್ಗೆ ಬರೆಯುವವರು ಈ ಭಾಗವನ್ನು ಮರೆಮಾಚುವುದು ಸರಿಯಲ್ಲ. ಅವನ ಆಜ್ಞೆಯಂತೆ ಹಾಲೇರಿ ಅರಸರ ಚರಿತ್ರೆಯಾದ ರಾಜೇಂದ್ರನಾಮೆ ಕನ್ನಡದಲ್ಲಿ ರಚಿತವಾದುದೂ ಈ ಕಾಲದಲ್ಲೇ. 1808ರಲ್ಲಿ ಅದು ಇಂಗ್ಲಿಷಿಗೆ ಅನುವಾದಗೊಂಡಿತು.

ಮಹದೇವಮ್ಮಾಜಿಯಲ್ಲಿ ಗಂಡುಸಂತಾನವಿರಲಿಲ್ಲ. ಹಿರಿಯ ಮಗಳು ದೇವಮ್ಮಾಜಿಯೇ ಉತ್ತರಾಧಿಕಾರಿಯಾಗಬೇಕೆಂಬುದು ರಾಜನ ಇಚ್ಛೆಯಾಗಿತ್ತು. 1809ರ ಜೂನ್‌ನಲ್ಲಿ ಅವನು ನಿಧನನಾದ ಬಳಿಕ ಬಾಲಕಿಯನ್ನು ಪಟ್ಟಕ್ಕೇರಿಸಲಾಯಿತಾದರೂ, 1811ರಲ್ಲಿ ತಮ್ಮ ಲಿಂಗರಾಜನು ತಾನೇ ಅರಸನಾದನು. ಲಿಂಗರಾಜನ ಮಗ ಚಿಕವೀರರಾಜೇಂದ್ರನನ್ನು ಕಂಪನಿ 1834ರಲ್ಲಿ ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು.

ದೊಡ್ಡ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯರ ಸಮಾಧಿ ಮಡಿಕೇರಿಯ ಗದ್ದಿಗೆಯಲ್ಲಿದೆ. ಗುಮ್ಮಟವನ್ನೂ ಮೂಲೆಗಳಲ್ಲಿ ಮಿನಾರುಗಳನ್ನೂ ಹೊಂದಿರುವ ಈ ಕಟ್ಟಡ ಮುಸ್ಲಿಂ ವಾಸ್ತುಶೈಲಿಯನ್ನು ಹೋಲುತ್ತದೆ. ಮಿನಾರುಗಳ ಮೇಲೆ ನಂದಿಯ ವಿಗ್ರಹಗಳಿವೆ.