ಸುಕ್ಕೂರಿನ ಬಾವಿ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೆಂದೊಡನೆ ಕನ್ನಂಬಾಡಿ ಕಟ್ಟೆ ಕಣ್ಣಮುಂದೆ ನಿಲ್ಲುವುದು ಸಹಜವೇ. ಆದರೆ ಹೊರನಾಡ ಕನ್ನಡಿಗರಾದ ನಾವು ನೆನೆಯತಕ್ಕ ಬೇರೊಂದು ಸಂಗತಿಯಿದೆ. ಅವರ ಯೌವನವೆಲ್ಲ ಸಂದದ್ದು ಮುಂಬಯಿ ಪ್ರಾಂತದ ಸೇವೆಯಲ್ಲಿ, ಅದೂ ಬಹುಮಟ್ಟಿಗೆ ನೀರಿನ ಕೆಲಸದಲ್ಲಿ.

ಮುದ್ದೇನಹಳ್ಳಿಯ ಬಡ ಬ್ರಾಹ್ಮಣ ಕುಟುಂಬದ ಹುಡುಗ; ಬಾಲ್ಯದಲ್ಲಿಯೇ ಪಿತೃವಿಯೋಗ. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಸಾಯನ್ಸ್ ಕಾಲೇಜು ಸೇರಿ, 1883ರಲ್ಲಿ ಪ್ರಥಮ ಸ್ಥಾನ ಪಡೆದರು. ಮರುವರ್ಷವೇ ಅಸಿಸ್ಟೆಂಟ್ ಇಂಜನಿಯರರಾದರು.

ಹತ್ತು ವರ್ಷದ ಮೇಲೆ ಸಿಂಧ್ ಪ್ರಾಂತದ ಸುಕ್ಕೂರಿಗೆ ಕರೆ ಬಂದಿತು. ಸಿಂಧೂನದಿ ಊರ ಪಕ್ಕದಲ್ಲೇ ಹರಿಯುತ್ತಿದ್ದರೂ ಅದು ಕೆಸರುಗೂಡಿದ ಕಂದು ನೀರು. ಕುಡಿಯುವ ನೀರಿನಲ್ಲಿ ಕಾಲರಾ ಹರಡುವುದೆಂಬುದು ಆಗ ಇನ್ನೂ ಹೊಸ ಅರಿವು. ಡಾಕ್ಟರ್ ಕಾಖ್ ಕಲಕತ್ತೆಯ ಕೆರೆಯೊಂದರ ನೀರಿನಲ್ಲಿ ಆ ಕ್ರಿಮಿಯನ್ನು ಕಂಡದ್ದು 1884ರಲ್ಲಿ. ನೀರನ್ನು ಗುಡ್ಡದ ಮೇಲೇರಿಸಿ, ಅಲ್ಲಿ ಸೋಸುವ ತೊಟ್ಟಿ ಕಟ್ಟಿ ಹಂಚಬೇಕೆಂಬ ಯೋಜನೆಯಿತ್ತು. ಪುರಸಭೆಯ ಬೊಕ್ಕಸ ಅದಕ್ಕೆ ಸಾಲದು. ಹಣವಿಲ್ಲವೆಂದು ಕೈಚೆಲ್ಲಿದ್ದರೆ ಊರಿಗೆ ಆ ಕೆಸರೇ ಗತಿ!

ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ನೀರು ಮರಳಿನೊಳಗೆ ಮೆಲ್ಲಮೆಲ್ಲನೆ ಜಿನುಗಿ ಬರುವಾಗ ಕೆಸರು ಅಲ್ಲಿಯೇ ಉಳಿಯುತ್ತದೆ. ರೋಗಾಣುಗಳೂ ಬಹುಪಾಲು ಅಲ್ಲಿಯೇ ತಡೆಯುತ್ತವೆ. ಬಾವಿಗೆ ಇಳಿದುಬಂದ ತಿಳಿನೀರನ್ನು ಸುರಂಗದ ಮೂಲಕ ದಡದ ಪಂಪಿಗೆ ತಂದು, ಅಲ್ಲಿಂದ ಗುಡ್ಡಕ್ಕೆ ಏರಿಸಿದರು. 1895ರಲ್ಲಿ ಕೆಲಸ ಮುಗಿಯಿತು. ಬೇಸಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿ ಬಿಂದಿಗೆ ತುಂಬುವ ನಮ್ಮ ಹೆಂಗಸರಿಗೆ ಈ ತತ್ತ್ವ ಹೊಸದಲ್ಲ. ಆದರೆ ಅದನ್ನು ಒಂದು ಪಟ್ಟಣಕ್ಕೆ ಸಾಲುವಷ್ಟು ಹಿಗ್ಗಿಸಲು ಇಂಜನಿಯರನ ತಲೆ ಬೇಕಾಯಿತು. ನನ್ನ ಮಟ್ಟಿಗೆ, ಕನ್ನಂಬಾಡಿಗಿಂತ ಈ ಬಾವಿಯೇ ಅವರ ಬುದ್ಧಿಗೆ ಹೆಚ್ಚಿನ ಸಾಕ್ಷಿ.

ಪುಣೆಗೆ ನೀರೂಡುವ ಖಡಕವಾಸಲಾ ಜಲಾಶಯದಲ್ಲಿ 1903ರಲ್ಲಿ ಅವರ ಸ್ವಯಂಚಾಲಿತ ಬಾಗಿಲುಗಳು ನಿಂತವು. 1906ರಲ್ಲಿ ಏಡನ್ನಿಗೆ ಹೋದರು. ಅಲ್ಲಿ ಸಮುದ್ರದ ನೀರನ್ನು ಕಾಯಿಸಿ ಭಟ್ಟಿಯಿಳಿಸಿ ಕುಡಿಯುತ್ತಿದ್ದರು. ಒಳನಾಡಿನ ಒಣಗಿದ ನದೀಪಾತ್ರದಲ್ಲಿ ಬಾವಿ ತೋಡಿರೆಂಬುದೇ ಅಲ್ಲಿಯೂ ಅವರ ಸಲಹೆ.

1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹೈದರಾಬಾದು ನಗರ ಮುಳುಗಿತು. ನಿಜಾಮ ಸರ್ಕಾರ ಇವರನ್ನೇ ಕರೆಸಿತು. ಪ್ರವಾಹವನ್ನು ತಡೆಯಲು ಊರಿನ ಮೇಲ್ಗಡೆ ಎರಡು ಜಲಾಶಯಗಳಾಗಬೇಕೆಂದರು. ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣವಾಗಿ, ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಮುಂದಿನ ದಿವಾನಗಿರಿ, ಭದ್ರಾವತಿ, 1955ರ ಭಾರತರತ್ನ ಎಲ್ಲರೂ ಬಲ್ಲದ್ದು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಮುದ್ದೇನಹಳ್ಳಿಯಲ್ಲಿ.